ಓಲೀಟಾಳಿಗೆಂದು ಕೊಂಡ ಪಿಸ್ತೂಲು

ವರ್ಲನ್ ಟಿಡ್‌ವೆಲ್‌ನ ಕೈಗಳ ಬಗ್ಗೆ ನಮ್ಮ ಕೌಂಟಿಯಲ್ಲಿ ಕೇಳದವರಿಲ್ಲ. ಆಯುಷ್ಯವೆಲ್ಲ ಎಣ್ಣೆ ಕೊಳವೆಗಳಿಗೆ ಬೆಸುಗೆ ಹಾಕಿದ ಕೈಗಳು. ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಅವನ ಕೈ ಕುಲುಕಿದವರು ಮನೆಗೆ ಹೋಗಿ ಬೆರಳು ಎಣಿಸಿಕೊಳ್ಳುತ್ತಿದ್ದರು. ಒಮ್ಮೆ ಬೇಲಿ ಮುರಿದು ಬಂದ ಗೂಳಿಯನ್ನು ಕೊಂಬು ಹಿಡಿದು ಕೂರಿಸಿ, ಅದರ ಯಜಮಾನ ಬರುವ ತನಕ ಅದಕ್ಕೆ ನೋಹನ ಹಡಗಿನ ಕಥೆ ಹೇಳಿದನಂತೆ. ಕಥೆ ಮುಗಿದ ಮೇಲೆ ಗೂಳಿ ದೀಕ್ಷಾಸ್ನಾನ ಕೇಳಿತು ಎಂದು ಅವನೇ ಹೇಳುತ್ತಿದ್ದ. ಪೂರ್ವ ಟೆಕ್ಸಾಸಿನಲ್ಲಿ ಸುಳ್ಳಿಗೆ ತೂಕದ ಮಿತಿಯಿಲ್ಲ; ಅದರಲ್ಲೂ ನಮ್ಮೂರು ಕಾಟನ್ ಬೆಂಡಿನ ಸುಳ್ಳುಗಳನ್ನು ಹೊರಲು ಎರಡು ಲಾರಿ ಬೇಕು.

ಅವನ ಸೊಂಟದಲ್ಲಿ ಅಪ್ಪನಿಂದ ಬಂದ ಉಕ್ಕಿನ ಪಿಸ್ತೂಲು ಇರುತ್ತಿತ್ತು. ಅದೆಷ್ಟು ಭಾರವೆಂದರೆ ಬಲಗಾಲಿನ ಬೂಟಿನ ಹಿಮ್ಮಡಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಪ್ರತಿ ಭಾನುವಾರ ನೆಬೊ ಗುಡ್ಡದ ಬ್ಯಾಪ್ಟಿಸ್ಟ್ ಚರ್ಚಿನ ಹಿಂಬಾಗಿಲಲ್ಲಿ, ಕೋಟಿನೊಳಗೆ ಆ ಪಿಸ್ತೂಲು ಮುಚ್ಚಿಕೊಂಡು ಅವನು ಕಾವಲು ನಿಲ್ಲುತ್ತಿದ್ದ. ಮುಂಬಾಗಿಲ ಕಾವಲು ರಾಯ್ಸ್ ಪೆಟಿಗ್ರೂನದು. ರಾಯ್ಸ್ ಚರ್ಚಿನ ಕಾವಲು ಪಡೆಯ ಮುಖ್ಯಸ್ಥ, ವೃತ್ತಿಯಲ್ಲಿ ಕ್ಷೌರಿಕ, ಮೆತ್ತನೆಯ ಮಾತಿನ ಸಣಕಲ. ಅವನ ಪಿಸ್ತೂಲು ಅಂಗಿಯ ಜೇಬಿನಲ್ಲಿ ಕೂರುವಂಥದ್ದು.

"ರಾಯ್ಸ್, ಅದನ್ನ ಜೇಬಲ್ಲಿಟ್ಟು ಅಂಗಿ ಒಗೆಯೋಕೆ ಹಾಕ್ಬೇಡಪ್ಪ," ಎಂದು ವರ್ಲನ್ ಇಡೀ ಸಭೆಗೆ ಕೇಳುವಂತೆ ಹೇಳುತ್ತಿದ್ದ. "ಕುಗ್ಗಿ ಕಿವಿಯೋಲೆ ಆದೀತು. ಕಳ್ಳ ಬಂದ್ರೆ ಏನ್ಮಾಡ್ತೀಯ, ಅವನಿಗೆ ಕಿವಿ ಚುಚ್ಚಿ ಕಳಿಸ್ತೀಯಾ?"

ರಾಯ್ಸ್ ನಗುತ್ತಿದ್ದ, ಅಷ್ಟೇ. ನಮ್ಮಲ್ಲಿ ಗಂಡಸಿನ ತೂಕವನ್ನು ಅವನ ಪಿಸ್ತೂಲಿನ ಜತೆಗೇ ತೂಗುವ ರೂಢಿ. ಆ ತಕ್ಕಡಿಯಲ್ಲಿ ಕ್ಷೌರಿಕನ ತಟ್ಟೆ ಯಾವಾಗಲೂ ಮೇಲೆಯೇ.

ಆ ಚಳಿಗಾಲದಲ್ಲಿ ವರ್ಲನ್‌ನ ಬೆರಳ ಗಂಟುಗಳಿಗೆ ವಾತ ಹೊಕ್ಕಿತು. ಗಂಟುಗಳು ವಾಲ್‌ನಟ್ ಕಾಯಿಯಂತೆ ಊದಿದವು. ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು, ಪಿಸ್ತೂಲಿನ ಬೆನ್ನ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಸ್ಲೈಡನ್ನು ಎಳೆಯಲು ಹೋದ. ಅದು ಕದಲಲಿಲ್ಲ. ಮೊಣಕಾಲ ನಡುವೆ ಸಿಕ್ಕಿಸಿ ಎಳೆದ. ಬಾಗಿಲ ಸಂದಿಗೆ ಕೊಟ್ಟು ನೂಕಿದ. ಕಣ್ಣಲ್ಲಿ ನೀರು ಬಂತೇ ಹೊರತು ಸ್ಲೈಡು ಬರಲಿಲ್ಲ. ಸ್ಲೈಡನ್ನು ಒಮ್ಮೆ ಪೂರ್ತಿ ಎಳೆದು ಬಿಟ್ಟರೇ ಮೊದಲ ಗುಂಡು ನಳಿಗೆಗೆ ಏರುವುದು. ಎಳೆಯದಿದ್ದರೆ ಅಷ್ಟು ದೊಡ್ಡ ಪಿಸ್ತೂಲೂ ಮೊಳೆ ಹೊಡೆಯುವ ಸುತ್ತಿಗೆಗಿಂತ ಹೆಚ್ಚಿನದಲ್ಲ. ಆ ಭಾನುವಾರ ವರ್ಲನ್ ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡು ಚರ್ಚಿಗೆ ಹೋದ. ಮುಂದಿನ ಭಾನುವಾರವೂ. ಯಾರಿಗೂ ಹೇಳಲಿಲ್ಲ; ಹೆಂಡತಿ ಓಲೀಟಾಳಿಗೂ ಇಲ್ಲ. ಅಂಗಿಯ ಗುಂಡಿ ಬಿಟ್ಟು ಒತ್ತುಗುಂಡಿಯ ಅಂಗಿಗೆ ಬದಲಾದ. ಕೇಳಿದರೆ ಫ್ಯಾಷನ್ ಎಂದ.

ಇಷ್ಟರಲ್ಲೇ ಮುಗಿದಿದ್ದರೆ ಮುಗಿದಿರುತ್ತಿತ್ತು. ಹೊಸ ವರ್ಷದ ಹೊಸತರಲ್ಲಿ, ಎಲ್ಲರೂ ನಿಂತು ಹಾಡುತ್ತಿದ್ದಾಗ, ಹಿಂಬಾಗಿಲು ತಳ್ಳಿಕೊಂಡು ಒಬ್ಬ ಅಪರಿಚಿತ ಒಳಗೆ ಬಂದ. ಮೊಣಕಾಲ ಕೆಳಗಿನ ತನಕ ಕೋಟು, ಎರಡೂ ಕೈ ಜೇಬಿನಲ್ಲಿ, ಕಣ್ಣು ಅತ್ತಿತ್ತ. ವರ್ಲನ್ ಅವನಿಗೆ ಅಡ್ಡ ನಿಂತ. ಕೈಯನ್ನು ಕೋಟಿನೊಳಗೆ ಹಾಕಿದ. ಕದಲಲಿಲ್ಲ. ನಿಜ ಹೇಳಬೇಕೆಂದರೆ ಕೋಟಿನೊಳಗೆ ಇದ್ದದ್ದು ಆ ಸುತ್ತಿಗೆಯೇ. ಆ ಮನುಷ್ಯ ಹಲ್ಲು ಕಟಕಟಿಸುತ್ತ, "ಸಾರ್, ನನ್ನ ಗಾಡಿ ಹೀಟರ್ ಕೆಟ್ಟಿದೆ. ಬಾತ್‌ರೂಮ್ ಎಲ್ಲಿದೆ?" ಎಂದ.

ಆದರೆ ಸಭೆ ನೋಡಿದ್ದು ಗೋಡೆಯಂತೆ ನಿಂತ ವರ್ಲನ್‌ನನ್ನು. ಮಧ್ಯಾಹ್ನದ ಊಟದ ಹೊತ್ತಿಗೆ ಅಪರಿಚಿತ ಏಳಡಿ ಎತ್ತರವಾಗಿದ್ದ. ಸಂಜೆಗೆ ಅವನ ಕೋಟಿನೊಳಗೆ ಮದ್ದುಗುಂಡಿನ ಮನೆಯೇ ಇತ್ತು. ಬುಧವಾರದ ಪ್ರಾರ್ಥನೆಯ ಹೊತ್ತಿಗೆ ಮೂರು ಕೌಂಟಿಯ ಪೊಲೀಸರು ಅವನನ್ನು ಹುಡುಕುತ್ತಿದ್ದರು. ಪಾಪದವನು ಅಷ್ಟರಲ್ಲಿ ಹೀಟರ್ ರಿಪೇರಿ ಮಾಡಿಸಿಕೊಂಡು ಲೂಸಿಯಾನ ಮುಟ್ಟಿದ್ದ. ಮನೆಮನೆಯಿಂದ ವರ್ಲನ್‌ಗೆ ಪೆಕಾನ್ ಬೀಜದ ಕಡುಬು ಬಂತು. ಎಷ್ಟು ಕಡುಬು ಎಂದರೆ ನಾಯಿ ಕೂಡ ಕೊನೆಗೆ ಮುಖ ತಿರುಗಿಸಿತು. ವರ್ಲನ್ ತಿರುಗಿಸುವಂತಿರಲಿಲ್ಲ. ಓಲೀಟಾ ಎದುರಿಗೆ ಕೂತು ತುಂಡು ಹಾಕಿ ಹಾಕಿ ಕೊಡುತ್ತಿದ್ದಳು. ಒಂದೊಂದು ತುತ್ತೂ ಅವನನ್ನು ಮೋಸಗಾರ ಎಂದು ಕರೆಯುತ್ತಿತ್ತು.

ಫೆಬ್ರವರಿಯಲ್ಲಿ ರಾಯ್ಸ್ ಹೊಸ ಕಟ್ಟಳೆ ತಂದ. ಕಾವಲಿನವರೆಲ್ಲ ಮಾರ್ಚ್ ತಿಂಗಳ ಒಂದು ಶನಿವಾರ ತನ್ನ ಹುಲ್ಲುಗಾವಲಿನ ಹಿಂದಿನ ಜಲ್ಲಿಗುಂಡಿಗೆ ಬರಬೇಕು. ಖಾಲಿ ಪಿಸ್ತೂಲಿನಿಂದ ಶುರು. ಪ್ರತಿಯೊಬ್ಬನೂ ಎಲ್ಲರ ಮುಂದೆ ತಾನೇ ಗುಂಡು ತುಂಬಿ, ಸ್ಲೈಡ್ ಎಳೆದು, ಕಾಗದದ ತಟ್ಟೆಗೆ ಹೊಡೆದು ತೋರಿಸಬೇಕು. ತೋರಿಸದವರು ಬಾಗಿಲಲ್ಲಿ ನಿಲ್ಲುವಂತಿಲ್ಲ.

ವರ್ಲನ್‌ಗೆ ಊಟ ಸೇರಲಿಲ್ಲ. ಆ ಬಾಗಿಲು ಹೋದರೆ ಕಾಟನ್ ಬೆಂಡಿನಲ್ಲಿ ಅವನು ಏನು? ಗಂಟು ಬೆರಳಿನ ಒಬ್ಬ ಮುದುಕ. ಯೋಚಿಸಿ ಯೋಚಿಸಿ ಒಂದು ಲೆಕ್ಕಕ್ಕೆ ಬಂದ: ಸಣ್ಣ ಪಿಸ್ತೂಲಿಗೆ ಸಣ್ಣ ಸ್ಪ್ರಿಂಗು, ಸಣ್ಣ ಸ್ಪ್ರಿಂಗಿಗೆ ಸಣ್ಣ ಬಲ ಸಾಕು. ಆದರೆ ಕಿವಿಯೋಲೆ ಎಂದು ಊರೆಲ್ಲ ನಗಿಸಿದವನು ಈಗ ತಾನೇ ಕಿವಿಯೋಲೆ ಕೊಳ್ಳುವುದು ಹೇಗೆ?

ಡಬ್ ಹಾರ್ಕಿಯ ಅಂಗಡಿಯಲ್ಲಿ ಮೀನಿನ ಗಾಳಕ್ಕೆ ಎರೆಹುಳು, ಜಿಂಕೆಗೆ ಜೋಳ, ಮನುಷ್ಯರಿಗೆ ಪಿಸ್ತೂಲು ಸಿಗುತ್ತವೆ. ಕಾಫಿ ಪಾತ್ರೆಯ ಸುತ್ತ ಬಕೆಟ್ ಬೋರಲು ಹಾಕಿ ಕೂತವರು ಬೆಳಿಗ್ಗೆ ಬಾಗಿಲು ತೆರೆದಾಗ ಬಂದು, ಹೆಂಡಂದಿರು ಫೋನ್ ಮಾಡಿದಾಗ ಏಳುತ್ತಾರೆ.

"ಮಿಸ್ಟರ್ ವರ್ಲನ್, ದಾರಿ ತಪ್ಪಿದ್ರಾ?" ಎಂದ ಡಬ್. "ನಿಮ್ಮ ಅಳತೆಯ ಫಿರಂಗಿ ಇಲ್ಲಿ ಇಲ್ವಲ್ಲ."

"ನನಗಲ್ಲ ಕಣೋ." ವರ್ಲನ್ ಗಂಟಲು ಸರಿಮಾಡಿಕೊಂಡ. "ಓಲೀಟಾಗೆ. ಚರ್ಚಲ್ಲಿ ಕಾಯರ್ ಹಾಡಿನ ಅಭ್ಯಾಸ ಮುಗಿಸಿ ಕತ್ತಲಲ್ಲಿ ಒಬ್ಬಳೇ ಬರ್ತಾಳೆ. ಕೈಚೀಲದಲ್ಲಿ ಹಿಡಿಸೋಂಥದ್ದು ಏನಾದ್ರೂ ತೋರಿಸು."

ಬಕೆಟ್ಟುಗಳ ಮೇಲಿನವರು ತಲೆದೂಗಿದರು. ಗಾಜಿನ ಪೆಟ್ಟಿಗೆಯಿಂದ ಡಬ್ ಅಂಗೈಯಗಲದ ಒಂದನ್ನು ತೆಗೆದ. ಗುಂಡು ತುಂಬುವ ಮ್ಯಾಗಜೀನ್ ಇಳಿಸಿದ, ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿದ, ಖಾಲಿ ನಳಿಗೆಯನ್ನು ತಾನೂ ನೋಡಿ ವರ್ಲನ್‌ಗೂ ತೋರಿಸಿ ಕೊಟ್ಟ. ನಮ್ಮಲ್ಲಿ ಅದೇ ಮರ್ಯಾದೆ. ಪಿಸ್ತೂಲನ್ನು ಹೀಗೆ ಸ್ಲೈಡ್ ಹಿಂದೆ ನಿಲ್ಲಿಸಿ, ಬಾಯಿ ತೆರೆದು ಕೊಡಬೇಕು, ಬಾಯಿ ತೆರೆದೇ ಹಿಂದಿರುಗಿಸಬೇಕು. ಅಮ್ಮನ ಮುಂದೆ ಟೋಪಿ ತೆಗೆಯುವುದು ಮರೆತರೂ ಮಕ್ಕಳು ಇದನ್ನು ಮರೆಯುವುದಿಲ್ಲ.

ವರ್ಲನ್ ಹೆಬ್ಬೆರಳಲ್ಲಿ ಪಕ್ಕದ ಕೊಂಡಿ ಒತ್ತಿದ. ಸ್ಲೈಡ್ ಟಪ್ಪನೆ ಮುಂದಕ್ಕೆ ಹಾರಿ ಮುಚ್ಚಿಕೊಂಡಿತು. ಈಗ ಎಳೆಯಬೇಕು. ಹಿಡಿದ. ಎಳೆದ. ಗಿಡ್ಡನಿಗೆ ಸಿಟ್ಟು ಜಾಸ್ತಿ ಅನ್ನುತ್ತಾರಲ್ಲ, ಆ ಅಂಗೈಯಗಲದ್ದರ ಹಟಕ್ಕೆ ಅಪ್ಪನ ಉಕ್ಕಿನ ಪಿಸ್ತೂಲು ತಲೆಬಾಗಬೇಕು. ಕೂದಲೆಳೆಯಷ್ಟೂ ಸರಿಯಲಿಲ್ಲ.

"ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ," ಎಂದ ಡಬ್, ಕಾಫಿ ಬಗ್ಗಿಸಿಕೊಳ್ಳುತ್ತ. "ಒಳಗೆ ಜಾಗ ಕಮ್ಮಿ ನೋಡಿ. ಗಂಡಂದಿರೆಲ್ಲ ಬಂದು ಹೆಂಡ್ತೀರಿಗೆ ಇದನ್ನೇ ಆರಿಸ್ತಾರೆ. ಮುದ್ದಾಗಿದೆ ಅಂತ. ಅವರು ಒಂದ್ಸಲ ಹೊಡೆದು, ಮಣಿಕಟ್ಟು ಹಿಡ್ಕೊಂಡು, ತಿರುಗಾ ತರ್ತಾರೆ."

ವರ್ಲನ್ ಪಿಸ್ತೂಲನ್ನು ಮುಚ್ಚಿದ ಬಾಯಿಯಲ್ಲೇ ಗಾಜಿನ ಮೇಲಿಟ್ಟ.

ಬಕೆಟ್ಟುಗಳ ಮೇಲಿನವರು ಕತ್ತು ಚಾಚಿ ನೋಡಿದರು. ಒಬ್ಬ ಕೆಮ್ಮಿದ. "ಏನ್ ವರ್ಲನ್, ವಯಸ್ಸಾಗ್ತಾ ಮರ್ಯಾದೆ ಮರೀತಾ?"

"ಹೆಂಗಸರ ಸಾಮಾನಿಗೆ ಎಂಥ ಮರ್ಯಾದೆ," ಎಂದ ವರ್ಲನ್. ಎಲ್ಲರೂ ನಕ್ಕರು. ಆ ನಗು ಅವನನ್ನು ಕಾಪಾಡಿತು. ಅದಕ್ಕೇ ಅದು ಅವನಿಗೆ ಮೈಮೇಲೆ ಎಂಜಲು ಚೆಲ್ಲಿದಂತೆ ಅನಿಸಿತು.

"ಮಿಸ್ ಓಲೀಟಾನೇ ಕರ್ಕೊಂಬನ್ನಿ," ಎಂದ ಡಬ್. "ಬೂಟು, ಪಿಸ್ತೂಲು ಎರಡೂ ಬೇರೆಯವರ ಅಳತೇಲಿ ಕೊಳ್ಳೋವಲ್ಲ."

ವರ್ಲನ್ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಕಾಟನ್ ಬೆಂಡಿನಲ್ಲಿ ಮಿಂಚು ಕೂಡ ಸುದ್ದಿಯ ಹಿಂದೆ ಓಡಿ ಓಡಿ ಏದುಸಿರು ಬಿಡುತ್ತದೆ. ಓಲೀಟಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಒದ್ದೆ ಪಾತ್ರೆ ಬಟ್ಟೆ.

"ನನಗೆ ಪಿಸ್ತೂಲು ನೋಡೋಕೆ ಹೋಗಿದ್ಯಂತೆ."

"ಹೂಂ. ಕತ್ತಲಲ್ಲಿ ಬರ್ತೀಯಲ್ಲ."

"ಇಷ್ಟು ವರ್ಷದಿಂದ ಕತ್ತಲಲ್ಲೇ ಬರ್ತಿದೀನಿ." ಅವಳು ನಗಲಿಲ್ಲ. ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಮದುವೆ ಆದ ವರ್ಷ ನೀನು ಒಂದು ಇಸ್ತ್ರಿಪೆಟ್ಟಿಗೆ ತಂದಿದ್ದೆ, ನೆನಪಿದ್ಯಾ? ಆಮೇಲೆ ನೀನಾಗೇ ಯೋಚಿಸಿ ನನಗೇಂತ ತಂದದ್ದು ಇದೇ. ಇನ್ನೂ ತಂದಿಲ್ಲ ಅನ್ನು. ಯೋಚ್ನೆ ಬಂತಲ್ಲ, ಅದೇ."

ಆ ರಾತ್ರಿ ಅವಳು ಅವನಿಷ್ಟದ ಕರಿದ ಸ್ಟೀಕು, ಮೇಲೆ ಬಿಳಿ ಗ್ರೇವಿ ಮಾಡಿದಳು. ಮಾಂಸ ಕತ್ತರಿಸಲು ಅವನಿಗೆ ಚಾಕು ಹಿಡಿಯಲಾಗುತ್ತಿರಲಿಲ್ಲ. ಹಲ್ಲಿನಲ್ಲಿ ಹರಿದು ತಿಂದ. ಹಸಿವು ಎಂದ.

ಜಲ್ಲಿಗುಂಡಿಯ ಶನಿವಾರಕ್ಕೆ ಹಿಂದಿನ ದಿನ, ಶುಕ್ರವಾರ, ಓಲೀಟಾ ಪಾರ್ಲರಿನಲ್ಲಿ ಕೂದಲು ಕಟ್ಟಿಸಿಕೊಂಡು, ಈಸ್ಟರಿಗೆ ಮಾತ್ರ ಉಡುವ ನೀಲಿ ಉಡುಪು ತೊಟ್ಟು ಗಂಡನ ಜತೆ ಡಬ್‌ನ ಅಂಗಡಿಗೆ ಬಂದಳು. ಬಕೆಟ್ಟಿನವರು ಎದ್ದು ನಿಂತು ಟೋಪಿ ತೆಗೆದರು. ಅವಳು ಅವಸರ ಮಾಡಲಿಲ್ಲ. ಒಂದನ್ನು ಎತ್ತಿ, ಕಿರುಬೆರಳು ಹಿಡಿಯಾಚೆ ಜೋತಾಡುತ್ತದೆಂದು ಇಟ್ಟಳು. ಇನ್ನೊಂದು ಕೈಚೀಲದೊಳಗೆ ಕನ್ನಡಕದ ಡಬ್ಬಿಗೆ ಸಿಕ್ಕಿಹಾಕಿಕೊಳ್ಳುತ್ತದೆಂದು ಇಟ್ಟಳು. ಕಂಡ ಸ್ಲೈಡುಗಳನ್ನೆಲ್ಲ ಎಳೆದಳು. ಚರ್ಚಿನಲ್ಲಿ ಪಿಯಾನೋ ನುಡಿಸುವ ಬೆರಳು. ಮೇಲಾಗಿ ಚಳಿಗಾಲದುದ್ದಕ್ಕೂ ಗಂಡನಿಗಾಗಿ ಉಪ್ಪಿನಕಾಯಿ ಜಾಡಿಗಳ ಮುಚ್ಚಳ ತೆಗೆದ ಕೈ. ಅವಳು ಎಳೆಯುತ್ತಿದ್ದ ವೈಖರಿಗೆ ಗೋಡೆಯ ಮೇಲಿದ್ದ ಜಿಂಕೆಯ ತಲೆಗಳೂ ಕಣ್ಣು ಮಿಟುಕಿಸಿದವು. ಕೊನೆಗೆ ಅಂಗೈಗಿಂತ ಚೂರು ದೊಡ್ಡದಾದ, ಕಪ್ಪನೆಯ, ಮುದ್ದೇನೂ ಅಲ್ಲದ ಒಂದನ್ನು ಹಿಡಿದು ಸುಮ್ಮನೆ ನಿಂತಳು.

"ಇದು," ಎಂದಳು. ಬಾಯಿ ತೆರೆದು, ಮರ್ಯಾದೆಯಂತೆ, ಗಂಡನ ಕಡೆ ಚಾಚಿದಳು. "ನೀನೂ ನೋಡು. ನಿನಗೆ ಗೊತ್ತಾಗುತ್ತೆ."

ವರ್ಲನ್‌ನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. "ನಿನ್ನ ಕೈಗೆ ಸರಿಬಂದ್ರೆ ಸಾಕು."

"ಹಿಡ್ಕೊಂಡಾದ್ರೂ ನೋಡು."

"ಬೇಡ ಅಂದ್ನಲ್ಲ."

ಓಲೀಟಾ ಅವನ ಮುಖ ನೋಡಲಿಲ್ಲ. ಜೇಬುಗಳನ್ನು ನೋಡಿದಳು.

ಸರ್ಕಾರದ ಕಾಗದದ ಕೆಲಸ ಮುಗಿಸಿ ಹೊರಟರು. ಊರು ದಾಟಿ, ಹತ್ತಿ ಗಿರಣಿಯ ಬಳಿ ಅವಳು ಗಾಡಿ ನಿಲ್ಲಿಸಿದಳು. ಪೆಟ್ಟಿಗೆ ತೆರೆದು, ಖಾಲಿ ಪಿಸ್ತೂಲಿನ ಬಾಯಿ ಮುಚ್ಚಿ ಅವನ ತೊಡೆಯ ಮೇಲಿಟ್ಟಳು.

"ಎಳಿ."

ಅವನು ಕಿಟಕಿಯಾಚೆ ನೋಡಿದ.

"ಎಳಿ, ವರ್ಲನ್."

ಎಳೆದ. ಬೆರಳುಗಳು ಜಾರಿದವು. ಮತ್ತೆ ಎಳೆದ. ಓಲೀಟಾ ಕೈ ಚಾಚಿ ಅದನ್ನು ತೆಗೆದುಕೊಂಡಳು.

"ಯಾವಾಗಿಂದ?"

"ಚಳಿ ಶುರುವಾದಾಗಿಂದ."

ಅವಳು ಪಿಸ್ತೂಲಿನ ಬಾಯಿ ತೆರೆದು ಪೆಟ್ಟಿಗೆಯೊಳಗಿಟ್ಟಳು. ಆಮೇಲೆ, "ಹಾಗಾದ್ರೆ ಆ ಉದ್ದ ಕೋಟಿನವನು ಬಂದ ದಿನ?" ಎಂದಳು.

ವರ್ಲನ್ ತಲೆ ತಗ್ಗಿಸಿದ.

"ನನ್ನ ಬೆನ್ನು ಬಾಗಿಲ ಕಡೆ ಇತ್ತು. ನುಡಿಸ್ತಿದ್ದೆ. ಜನ ಎಲ್ಲ ತಿರುಗಿ ನೋಡಿದ್ದು ಗೊತ್ತಾಯ್ತು, ಹಾಡು ತಪ್ಪಿತು. ನಾನು ನಿಲ್ಲಿಸಲಿಲ್ಲ. ಹಿಂದೆ ನೀನಿದೀಯ ಅಂತ ತಿರುಗಿ ಕೂಡ ನೋಡಲಿಲ್ಲ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಮತ್ತೆ ಇದು? ಇದು ನಂಗೇಂತ ನೋಡಿದ್ದಲ್ಲ, ಅಲ್ವಾ?"

ಇಷ್ಟು ದೊಡ್ಡ ಸುಳ್ಳುಗಾರನಿಗೆ ಆಗ ಒಂದೇ ಒಂದು ಸುಳ್ಳೂ ಸಿಗಲಿಲ್ಲ.

"ಪಾರ್ಲರಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ," ಎಂದಳು ಓಲೀಟಾ, ಪೆಟ್ಟಿಗೆ ಮುಚ್ಚುತ್ತ. "ನನ್ನ ಗಂಡ ನನ್ನ ಬಗ್ಗೆ ಯೋಚಿಸ್ತಾನೆ ಅಂತ." ಗಾಡಿ ಶುರುಮಾಡಿದಳು. "ನಾಳೆ ಗುಂಡಿ ಹತ್ರ ಏನ್ ಹೇಳ್ಬೇಕೋ ನೀನೇ ಹೇಳು. ನಾನು ಬಾಯಿ ಬಿಡಲ್ಲ."

ಶನಿವಾರ ಜಲ್ಲಿಗುಂಡಿಯ ಬಳಿ ಅರ್ಧ ಊರು ನೆರೆದಿತ್ತು. ಮಡಚುವ ಕುರ್ಚಿ, ಸಿಹಿ ಚಹಾದ ಜಾಡಿ, ಬ್ರಿಸ್ಕೆಟ್ ಮಾಂಸ ಹೊಗೆಯಾಡುವ ಡ್ರಮ್ಮು. ಗುಂಡಿಯ ಗೋಡೆಗೆ ಕಾಗದದ ತಟ್ಟೆಗಳನ್ನು ಚುಚ್ಚಿದ್ದರು. ಮೊದಲು ರಾಯ್ಸ್ ತನ್ನ ಕಿವಿಯೋಲೆ ತೆಗೆದ. ಕೂಡಲೇ ಎಲ್ಲರ ಕಣ್ಣುಗಳು ವರ್ಲನ್ ಕಡೆ ಹೊರಳಿದವು, ಎಂದಿನ ಕುಹಕಕ್ಕಾಗಿ. ವರ್ಲನ್ ಏನೂ ಅನ್ನಲಿಲ್ಲ. ರಾಯ್ಸ್ ಎಲ್ಲ ಗುಂಡನ್ನೂ ತಟ್ಟೆಯ ನಡುವಿಗೇ ಇಳಿಸಿ, ಪಿಸ್ತೂಲಿನ ಬಾಯಿ ತೆರೆದು ತೋರಿಸಿ, ಪಕ್ಕಕ್ಕೆ ಸರಿದ.

"ಬ್ರದರ್ ವರ್ಲನ್, ನೀವು."

ವರ್ಲನ್ ಗೆರೆಯ ಬಳಿ ಬಂದು ನಿಂತ. ಅಪ್ಪನ ಪಿಸ್ತೂಲು ಸೊಂಟದಲ್ಲಿತ್ತು. ಹೊರಗೆ ತೆಗೆಯಲಿಲ್ಲ.

"ನನ್ ಕೈಲಿ ಆಗಲ್ಲ," ಎಂದ. "ಸ್ಲೈಡ್ ಎಳೆಯೋಕೆ ಆಗಲ್ಲ. ಕೈ ಹೋಗಿದೆ."

ಡ್ರಮ್ಮಿನ ಬಳಿಯಿಂದ ಒಬ್ಬ ಗಹಗಹಿಸಿ ನಕ್ಕ. ನಗು ಕುರ್ಚಿಯಿಂದ ಕುರ್ಚಿಗೆ ಹಾರಿತು.

"ಗೂಳಿ ಕೊಂಬಲ್ಲಿ ಬಿಟ್ಟುಬಂದ್ಯಾ ಕೈನ?" ಎಂದ ಡಬ್.

"ನಿಜ ಹೇಳ್ತಿದೀನಿ ಡಬ್. ಚಳಿಗಾಲದಿಂದ ಖಾಲಿ ಪಿಸ್ತೂಲು ಇಟ್ಕೊಂಡು ನಿಂತಿದ್ದೆ."

ನಗು ಇಮ್ಮಡಿಯಾಯಿತು. ಒಬ್ಬಳಿಗೆ ನಗುನಗುತ್ತ ಚಹಾ ನೆತ್ತಿಗೇರಿತು. "ಹಾಗಾದ್ರೆ ಆ ಏಳಡಿಯವನನ್ನ ಬರೀ ಮೀಸೇಲಿ ಓಡಿಸಿದ್ಯೇನಪ್ಪ?" "ಇವನ ಹತ್ರ ಇನ್ನೂ ಕಥೆ ಇದೆ, ಸುಮ್ನಿರಿ, ಮುಂದೆ ಬರುತ್ತೆ ನೋಡಿ."

ವರ್ಲನ್ ಕಾದ. ಅವರೂ ಕಾದರು, ಕಥೆಯ ಬಾಲಕ್ಕಾಗಿ. ಆಯುಷ್ಯವಿಡೀ ಅವನು ಇವರಿಗೆ ಕೊಟ್ಟದ್ದು ಅದೊಂದನ್ನೇ. ಇಂದು ಬೇರೇನನ್ನೋ ಕೊಡಲು ಹೋದರೆ ತೆಗೆದುಕೊಳ್ಳುವವರೇ ಇಲ್ಲ. ಕುರ್ಚಿಗಳ ಕೊನೆಯಲ್ಲಿ ಓಲೀಟಾ ಕೂತಿದ್ದಳು. ಅವಳೊಬ್ಬಳೇ ನಗುತ್ತಿರಲಿಲ್ಲ. ಸಹಾಯಕ್ಕೂ ಬರಲಿಲ್ಲ.

ಅವನು ಪಿಸ್ತೂಲು ತೆಗೆದ. ಎಡಗೈಯನ್ನು ಸ್ಲೈಡಿನ ಮೇಲೆ ಹಾಕಿದ. ಎಳೆದ. ಬೆರಳು ಜಾರಿತು, ಕೆಲವರು ಇನ್ನೂ ನಕ್ಕರು. ಮತ್ತೆ ಎಳೆದ. ಹಲ್ಲು ಕಚ್ಚಿ, ಮೊಣಕೈ ನಡುಗುವಂತೆ ಎಳೆದ. ಪಿಸ್ತೂಲನ್ನು ಮೊಣಕಾಲ ನಡುವೆ ಸಿಕ್ಕಿಸಿ, ಬಗ್ಗಿ, ಚಿಕ್ಕ ಮಗು ಬೂಟು ಎಳೆದುಕೊಳ್ಳುವಂತೆ ಎರಡೂ ಕೈಯಲ್ಲಿ ಎಳೆದ. ಬಾಯಿಂದ ಸಣ್ಣದೊಂದು ನರಳಿಕೆ ಹೊರಟಿತು. ನಗು ಎಲ್ಲಿ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಬಗ್ಗಿದವನು ತಲೆ ಎತ್ತಿದಾಗ ಜನ ಚಹಾದ ಲೋಟದೊಳಗೆ, ಬೂಟಿನ ತುದಿಗೆ, ಆಕಾಶಕ್ಕೆ, ಸಿಕ್ಕ ಕಡೆಗೆಲ್ಲ ನೋಡುತ್ತಿದ್ದರು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ.

ರಾಯ್ಸ್ ಹತ್ತಿರ ಬಂದ. ಪಿಸ್ತೂಲನ್ನು ಮೆಲ್ಲಗೆ ತೆಗೆದುಕೊಂಡು, ಬಾಯಿ ತೆರೆದು, ಖಾಲಿ ಎಂದು ನೋಡಿ, ಹಾಗೆಯೇ ಹಿಂದಿರುಗಿಸಿದ. "ಸುಲಭವಾಗಿ ಎಳೆಯೋಂಥ ಸ್ಪ್ರಿಂಗಿನವು ಸಿಗ್ತವೆ, ಬ್ರದರ್ ವರ್ಲನ್. ಡಬ್ ತರಿಸಿಕೊಡ್ತಾನೆ."

"ಬೆರಳೂ ಮಡಚಲ್ಲ ರಾಯ್ಸ್. ಎಳೆದ್ರೂ ಹೊಡೆಯೋದ್ಯಾರು." ಆಮೇಲೆ ತಗ್ಗಿದ ದನಿಯಲ್ಲಿ, "ಆ ಕಿವಿಯೋಲೆ ಮಾತು... ಅದೆಲ್ಲ," ಎಂದ.

"ಕ್ಷೌರಕ್ಕೆ ಬನ್ನಿ ಬುಧವಾರ," ಎಂದ ರಾಯ್ಸ್. "ಕುತ್ತಿಗೆ ಮೇಲೆ ಕಾಡು ಬೆಳೆದಿದೆ."

ಮನೆಗೆ ಹೋಗುವಾಗ ಕಪ್ಪು ಪಿಸ್ತೂಲು ಓಲೀಟಾಳ ಕೈಚೀಲದಲ್ಲಿತ್ತು. ತಿರುಗಾ ಕೊಟ್ಟುಬರಲೇ ಎಂದು ಅವನು ಕೇಳಿದ.

"ಯಾಕೆ ಕೊಡ್ಬೇಕು? ನನಗೇಂತ ತಂದದ್ದಲ್ವಾ, ನೀನೇ ಡಬ್‌ಗೆ ಹೇಳಿದ್ದು." ದಾರಿಯ ಮೇಲಿಂದ ಕಣ್ಣು ತೆಗೆಯದೆ ಅಂದಳು. "ಹೇಳಿದ್ಮೇಲೆ ಅದು ನಿಜ ಆಗ್ಬೇಕು. ಇದೊಂದಾದ್ರೂ ಆಗ್ಲಿ."

ಭಾನುವಾರ ಹಿಂಬಾಗಿಲಲ್ಲಿ ಬೇರೊಬ್ಬ ನಿಂತಿದ್ದ. ವರ್ಲನ್‌ಗೆ ಮುಂಬಾಗಿಲಲ್ಲಿ, ರಾಯ್ಸ್ ಪಕ್ಕದಲ್ಲಿ, ಆ ದಿನದ ಹಾಡಿನ ಹಾಳೆಗಳನ್ನು ಹಂಚುವ ಕೆಲಸ ಸಿಕ್ಕಿತು. ಸೊಂಟ ಹಗುರಾಗಿ, ನಡೆದರೆ ಎಡಕ್ಕೆ ವಾಲುತ್ತಿದ್ದ. ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ ಬೆರಳುಗಳಿಗೆ ಬಿಡಿಸಲಾಗದೆ ಎಲ್ಲರಿಗೂ ಎರಡೆರಡು ಹೋದವು. ಜನ ಎರಡನ್ನೂ ತೆಗೆದುಕೊಂಡು, "ಗುಡ್ ಮಾರ್ನಿಂಗ್ ಬ್ರದರ್ ವರ್ಲನ್" ಎಂದು, ಒಳಗೆ ಹೋಗುವ ಮುನ್ನ ಒಂದನ್ನು ಅವನ ಪಕ್ಕದ ಬೆಂಚಿನ ಮೇಲೆ ಸದ್ದಿಲ್ಲದೆ ಇಟ್ಟು ಹೋದರು. ಯಾರೂ ತಮಾಷೆ ಮಾಡಲಿಲ್ಲ. ಒಬ್ಬರಾದರೂ ಮಾಡಿದ್ದರೆ ಆಗುತ್ತಿತ್ತು ಎಂದುಕೊಂಡು ವರ್ಲನ್ ನೆಲ ನೋಡುತ್ತ ನಿಂತ. ಒಳಗೆ ಪಿಯಾನೋ ಶುರುವಾಯಿತು. ನುಡಿಸಲು ತೊಡಗುವ ಮುನ್ನ ಓಲೀಟಾ ಒಮ್ಮೆ ಹಿಂದಕ್ಕೆ ತಿರುಗಿ, ಬಾಗಿಲ ಕಡೆ ಚೆನ್ನಾಗಿ ನೋಡಿದ್ದಳು.